ಹೆಲ್ಮೆಟ್ ಒಳಗಿನ ಗಾಳಿ ಸದ್ದು: ಉದ್ದ ಸ್ಕ್ರೀನು, ಸ್ಪೇಸರ್, ಡಿಫ್ಲೆಕ್ಟರ್ ಎಲ್ಲಾ ಹಾಕಿ ಎರಡು ಮಳೆಗಾಲ ಓಡಿಸಿದ ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಹೈಟು ಐದು ಅಡಿ ಹನ್ನೊಂದು ಇಂಚು, ಬೈಕು 400 ಸಿಸಿ ಆಸುಪಾಸಿನ ಅಡ್ವೆಂಚರ್ ಟೈಪು. ಕಂಪನಿ ಹೆಸರು ಬೇಡ, ಈ ತಾಪತ್ರಯ ಒಂದು ಕಂಪನಿದಲ್ಲ. ನೀವು ಐದು ನಾಲ್ಕು, ಐದು ಐದು ಇದ್ರೆ ನಾನು ಬರೆದಿರೋದ್ರಲ್ಲಿ ಅರ್ಧ ನಿಮಗೆ ಉಲ್ಟಾ ಆಗ್ಬೋದು, ಅದನ್ನ ತಲೇಲಿಟ್ಕೊಂಡು ಓದಿ.

ಬೈಕ್ ಜೊತೆ ಬಂದ ಸ್ಕ್ರೀನು, ಅಂದ್ರೆ ಹ್ಯಾಂಡಲ್ ಮುಂದೆ ಗಾಳಿ ತಡೆಯೋ ಪ್ಲಾಸ್ಟಿಕ್ ಹಾಳೆ, ಎದೆಗೆ ಹೊಡೆಯೋ ಗಾಳಿನ ಚೆನ್ನಾಗೇ ತಡೀತಿತ್ತು, ಆದ್ರೆ ಅದರ ಮೇಲಂಚು ದಾಟಿ ಬರೋ ಗಾಳಿ ಸೀದಾ ಗಲ್ಲದ ಕೆಳಗೆ ನುಗ್ಗೋದು. 80 ದಾಟಿದ್ರೆ ಹೆಲ್ಮೆಟ್ ಒಳಗೆ ಗಡಗಡ ಶುರು, 100ಕ್ಕೆ ತಲೆನೇ ಅಲ್ಲಾಡೋದು. ತುಮಕೂರು ರೋಡ್ ಹಿಡಿದು ಶಿರಾ ಮುಟ್ಟೋ ಹೊತ್ತಿಗೆ ಕಿವಿ ಗುಂಯ್ ಅಂತಿರೋದು, ಟೀ ಅಂಗಡಿಯವ್ರು "ಸಕ್ಕರೆ ಕಮ್ಮಿ ಹಾಕ್ಲಾ ಸಾರ್" ಅಂದ್ರೆ "ಆಂ?" ಅಂತ ಎರಡು ಸಲ ಕೇಳ್ಬೇಕು.

ಎಲ್ಲರೂ ಹೆಲ್ಮೆಟ್ ಚೇಂಜ್ ಮಾಡು ಅಂತಾರೆ. ಅದಕ್ಕೆ ದುಡ್ಡು ಸುರಿಯೋ ಮುಂಚೆ ಪುಕ್ಸಟ್ಟೆ ಟೆಸ್ಟ್ ಒಂದಿದೆ. ಖಾಲಿ ನೇರ ರೋಡಲ್ಲಿ 70-80ರಲ್ಲಿ ಹೋಗ್ತಾ ಫುಟ್‌ಪೆಗ್ ಮೇಲೆ ನಿಂತ್ಕೊಳ್ಳಿ, ಆಮೇಲೆ ಕೂತು ಟ್ಯಾಂಕ್ ಕಡೆ ಬಗ್ಗಿ. ನಿಂತಾಗ ಆ ಗಡಗಡ ಹೋಗಿ ಒಂದೇ ಸಮ ಸುಯ್ ಅನ್ನೋ ಸದ್ದು ಬಂತು, ಬಗ್ಗಿದಾಗ ಹೆಚ್ಚುಕಮ್ಮಿ ನಿಶ್ಶಬ್ದ ಆಯ್ತು ಅಂದ್ರೆ ಹೆಲ್ಮೆಟ್ ಸರಿಯಾಗೇ ಇದೆ, ನಿಮ್ಮ ತಲೆ ಕೂತಿರೋ ಜಾಗ ಸರಿ ಇಲ್ಲ. ಸ್ಕ್ರೀನ್ ಅಂಚಿಂದ ಸುಳಿ ಸುಳಿಯಾಗಿ ಬರೋ ಗಾಳಿ ಎಲ್ಲಿ ಬಂದು ಬೀಳತ್ತೆ ಅನ್ನೋದೇ ಇಡೀ ವಿಷ್ಯ. ಅದು ತಲೆ ಮೇಲೆ ಹೋದ್ರೂ ಓಕೆ, ಭುಜದ ಕೆಳಗೆ ಬಿದ್ರೂ ಓಕೆ, ಗಲ್ಲಕ್ಕೆ ಹೊಡೆದ್ರೆ ಮಾತ್ರ ನರಕ. ಇಂಗ್ಲೆಂಡಿನ ಬಾತ್ ಯೂನಿವರ್ಸಿಟಿಯವ್ರು ವಿಂಡ್ ಟನಲ್‌ನಲ್ಲಿ ಹೆಲ್ಮೆಟ್ ಇಟ್ಟು ಅಳತೆ ಮಾಡಿದಾಗ್ಲೂ ಗಲ್ಲದ ಕೆಳಭಾಗದಿಂದಾನೇ ಸದ್ದು ಜಾಸ್ತಿ ಒಳಗೆ ಬರತ್ತೆ ಅಂತ ಸಿಕ್ಕಿತ್ತು, ನನ್ನ ಅನುಭವನೂ ಅದೇ.

ಮೊದಲು ಹಾಕಿಸಿದ್ದು ಉದ್ದದ ಟೂರಿಂಗ್ ಸ್ಕ್ರೀನು. ಸಿಟಿ ಬಿಟ್ಟ ತಕ್ಷಣ ಏನ್ ಗುರೂ ಸೂಪರ್ ಅನಿಸ್ತು, ಎದೆಗೆ ಗಾಳಿ ಇಲ್ಲ, ಜಾಕೆಟ್ ಪಟಪಟ ಇಲ್ಲ. ಆದ್ರೆ ಸದ್ದು ಕಮ್ಮಿ ಆಗ್ಲಿಲ್ಲ, ಜಾಗ ಬದಲಾಯಿಸ್ತು ಅಷ್ಟೆ, ಗಲ್ಲಕ್ಕೆ ಹೊಡೀತಿದ್ದದ್ದು ಈಗ ಹಣೆ ಹತ್ರ ಹೆಲ್ಮೆಟ್ಟಿನ ವೆಂಟ್‌ಗೆ (ಗಾಳಿ ತೂತಿಗೆ) ಹೊಡೆಯೋಕೆ ಶುರು. ಇನ್ನೊಂದು, ಆಷಾಢದಲ್ಲಿ ಚಿತ್ರದುರ್ಗದ ಕಡೆ ಹೋಗಿದ್ದೀರಾ? ಗುಡ್ಡದ ಮೇಲೆ ಆ ಫ್ಯಾನ್‌ಗಳನ್ನ ಸುಮ್ನೆ ನಿಲ್ಲಿಸಿಲ್ಲ ಸ್ವಾಮಿ. ಪಕ್ಕದ ಗಾಳಿ ಬಂದ್ರೆ ಉದ್ದ ಸ್ಕ್ರೀನು ಹ್ಯಾಂಡಲ್‌ಗೆ ಹಾಯಿ ಕಟ್ಟಿದ ಹಾಗಾಗತ್ತೆ, ಲಾರಿ ಓವರ್‌ಟೇಕ್ ಮಾಡಿ ಅದರ ಮರೆಯಿಂದ ಆಚೆ ಬರೋವಾಗ ಬೈಕು ಅರ್ಧ ಲೇನ್ ಜರುಗತ್ತೆ. ಮಳೇಲಿ ರಾತ್ರಿ ಶಿರಾಡಿ ಘಾಟಿ ಇಳಿಯೋವಾಗ ಇನ್ನೂ ಮಜಾ, ಪ್ಲಾಸ್ಟಿಕ್ ಮೇಲೆ ಹನಿ, ವೈಸರ್ ಮೇಲೆ ಹನಿ, ಎದುರಿಂದ ಬಸ್ಸಿನ ಹೈ ಬೀಮ್, ಏನೂ ಕಾಣಲ್ಲ. ಸ್ಕ್ರೀನ್ ಅಂಚು ಕಣ್ಣಿಗಿಂತ ಕೆಳಗೇ ಇರ್ಬೇಕು, ಮೂಗಿನ ಮಟ್ಟ ಅಂದ್ಕೊಳ್ಳಿ, ಅದರ ಮೇಲಿಂದ ನೋಡಿ ಓಡಿಸ್ಬೇಕೇ ಹೊರತು ಅದರೊಳಗಿಂದ ಅಲ್ಲ. ಹಿಂದೆ ಕೂರೋ ನಮ್ಮನೆಯವ್ಳಂತೂ "ನಿಮ್ಮ ಗಾಳಿ ಎಲ್ಲಾ ಈಗ ನನ್ ತಲೆಗೆ ಬರ್ತಿದೆ" ಅಂದ್ಳು, ಅದೂ ನಿಜಾನೇ.

ನಿಜವಾಗ್ಲೂ ಕೆಲಸ ಮಾಡಿದ್ದು ಕಣ್ಣಿಗೂ ಕಾಣದ ಒಂದು ಚಿಕ್ಕ ಕೆಲ್ಸ. ಹೂ ಕಟ್ಟೋ ದಾರನ ಗೇಣುದ್ದ ತುಂಡು ಮಾಡಿ ಬೈಕ್ ಜೊತೆ ಬಂದ ಹಳೇ ಸ್ಕ್ರೀನಿನ ಒಳಮೈಗೆ ಸೆಲ್ಲೋ ಟೇಪಲ್ಲಿ ಅಂಟಿಸಿ ಓಡಿಸಿದೆ. ದಾರ ಎಲ್ಲಾ ನನ್ನ ಕಡೆ ಹಾರ್ಬೇಕಿತ್ತು ತಾನೆ? ಇಲ್ಲ, ಮೇಲಕ್ಕೆ, ಮುಂದಕ್ಕೆ ಹಾರಿ ಗಿರಗಿರ ಸುತ್ತುತಿತ್ತು. ಸ್ಕ್ರೀನ್ ಹಿಂದೆ ಪ್ರೆಷರ್ ಕಮ್ಮಿ ಆಗೋದ್ರಿಂದ ಗಾಳಿ ವಾಪಸ್ ಸೆಳ್ಕೊಂಡು ಸುಳಿ ಆಗತ್ತೆ. ಕೆಳಗಡೆಯಿಂದ ಸ್ವಲ್ಪ ಗಾಳಿ ಒಳಗೆ ಬಿಟ್ರೆ ಆ ಸುಳಿ ಕಮ್ಮಿ ಆಗತ್ತೆ, ಕೆಲವು ದೊಡ್ಡ ಟೂರಿಂಗ್ ಬೈಕ್ ಸ್ಕ್ರೀನ್‌ಗಳಲ್ಲಿ ಕೆಳಗೆ ತೂತು ಅಥವಾ ಸಂದು ಬಿಟ್ಟಿರೋದು ಇದಕ್ಕೇನೆ. ಲೇತ್ ಅಂಗಡೀಲಿ ನೈಲಾನ್ ರಾಡ್ ಕಟ್ ಮಾಡಿಸಿ 12 ಎಂಎಂ ಸ್ಪೇಸರ್ (ಸ್ಕ್ರೀನಿಗೂ ಬಾಡಿಗೂ ನಡುವೆ ಇಡೋ ತುಂಡು) ಮಾಡಿಸ್ಕೊಂಡೆ, ಜೆ.ಸಿ. ರೋಡಲ್ಲಿ ಅದಕ್ಕೆ ತಕ್ಕ ಉದ್ದದ ಅಲೆನ್ ಬೋಲ್ಟು, ರಬ್ಬರ್ ವಾಷರ್ರು ತಂದೆ, ಸ್ಕ್ರೀನು ಬಾಡಿಯಿಂದ ಒಂದು ಬೆರಳಷ್ಟು ಮುಂದೆ ಬಂತು, ಎಲ್ಲಾ ಸೇರಿ ಮೂವರು ಹೋಟ್ಲಲ್ಲಿ ಊಟ ಮಾಡೋ ದುಡ್ಡು. ಮತ್ತೆ ಓಡಿಸಿದ್ರೆ ದಾರ ಸುತ್ತೋದು ಬಿಟ್ಟು ಹಿಂದಕ್ಕೆ ನೆಟ್ಟಗೆ ಹಾರ್ತಿದೆ, ಹೆಲ್ಮೆಟ್ ಅಲ್ಲಾಡೋದು ಮುಕ್ಕಾಲು ಪಾಲು ಹೋಯ್ತು. ಬೋಲ್ಟ್ ಜಾಸ್ತಿ ಬಿಗಿ ಮಾಡ್ಬೇಡಿ, ಅಕ್ರಿಲಿಕ್ ಆದ್ರೆ ತೂತಿನ ಹತ್ರಾನೇ ಸೀಳು ಬಿಡತ್ತೆ.

ಅದರ ಮೇಲೆ ಹಾಕಿದ್ದು ಕ್ಲಿಪ್-ಆನ್ ಡಿಫ್ಲೆಕ್ಟರ್, ಅಂದ್ರೆ ಸ್ಕ್ರೀನ್ ಮೇಲಂಚಿಗೆ ಕಚ್ಚಿಸೋ ಚಿಕ್ಕ ಪ್ಲಾಸ್ಟಿಕ್ ಹಾಳೆ. ಗಿವಿ, ಪುಯಿಗ್, ಎಂಆರ್‌ಎ ಈ ಕಂಪನಿಗಳದ್ದೆಲ್ಲಾ ಬರತ್ತೆ, ರೇಟು ನೋಡಿದ್ರೆ ಹೊಟ್ಟೆ ಉರಿಯತ್ತೆ, ನಂದು ಹೆಸರಿಲ್ಲದ ಲೋಕಲ್ ಮಾಲು. ಇದರ ಲಾಭ ಎತ್ತರದ್ದಲ್ಲ, ಕೋನದ್ದು. ಹೊಸದಾಗಿ ಹಾಕೋರು ಎಲ್ರೂ ನೆಟ್ಟಗೆ ನಿಲ್ಲಿಸ್ತಾರೆ, ಹಾಗೆ ಇಟ್ರೆ ಸದ್ದು ಇನ್ನೂ ಜಾಸ್ತಿ. ಸ್ವಲ್ಪ ನಮ್ಮ ಕಡೆ ವಾಲಿಸಿ, ಸ್ಕ್ರೀನಿಗೂ ಅದಕ್ಕೂ ನಡುವೆ ಸಂದು ಬಿಟ್ರೆ ಆ ಸಂದಿನಿಂದ ಬರೋ ಗಾಳಿ ಮೇಲಿನ ಗಾಳಿನ ನೀಟಾಗಿ ಎತ್ತತ್ತೆ. ಒಂದೊಂದೇ ಚೂರು ತಿರುಗಿಸ್ತಾ ನೈಸ್ ರೋಡ್ ಮೇಲೆ ಟೆಸ್ಟ್ ಮಾಡಿ, ಸರಿಯಾದ ಕೋನ ಸಿಕ್ಕಿದ ಮೇಲೆ ಪೇಂಟ್ ಮಾರ್ಕರ್‌ನಲ್ಲಿ ಗೆರೆ ಹಾಕ್ಕೊಂಡಿದ್ದೀನಿ. ಯಾಕಂದ್ರೆ ಮಣ್ಣು ರೋಡಲ್ಲಿ ಹೋಗಿ ಬಂದ್ರೆ ಜಾಯಿಂಟ್ ಲೂಸ್ ಆಗಿ ತಲೆ ಬಗ್ಗಿಸ್ಕೊಂಡಿರತ್ತೆ. ಕ್ಲಿಪ್ ಒಳಗಿನ ರಬ್ಬರ್ ಮೊದಲ ಬೇಸಿಗೇಲೇ ಕಿತ್ಕೊಂಡು ಬಂತು, ಸೈಕಲ್ ಟ್ಯೂಬ್ ತುಂಡು ಹಾಕಿದ್ದೀನಿ, ಇವತ್ತಿಗೂ ಗಟ್ಟಿ. ಪ್ಲಾಸ್ಟಿಕ್ ಒರೆಸೋಕೆ ಪೆಟ್ರೋಲು, ಮನೆ ಗ್ಲಾಸ್ ಕ್ಲೀನರ್ ಯಾವ್ದೂ ಮುಟ್ಟಿಸ್ಬೇಡಿ, ಮಂಜು ಮಂಜಾಗತ್ತೆ. ಸತ್ತ ಹುಳಕ್ಕೆ ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿದ್ರೆ ತಾನೇ ಬಿಡತ್ತೆ.

ಇಷ್ಟೆಲ್ಲಾ ಮಾಡಿದ್ರೂ ಸದ್ದು ಪೂರ್ತಿ ಹೋಗಲ್ಲ. ಹೈವೇ ಸ್ಪೀಡಲ್ಲಿ ಹೆಲ್ಮೆಟ್ ಒಳಗೆ 90 ಡೆಸಿಬಲ್ ಮೇಲೇನೇ ಇರತ್ತೆ. ಕೆಲಸದ ಜಾಗದ ಆರೋಗ್ಯ ನೋಡ್ಕೊಳ್ಳೋ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಷ್ ಲೆಕ್ಕದಲ್ಲಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ ಓಕೆ, ಆಮೇಲೆ ಪ್ರತಿ 3 ಡೆಸಿಬಲ್‌ಗೆ ಟೈಮು ಅರ್ಧ, ಅಂದ್ರೆ 100ಕ್ಕೆ ಬರೀ 15 ನಿಮಿಷ. ಹಾಗಾಗಿ ಲಾಂಗ್ ರೈಡ್‌ಗೆ ಫೋಮ್ ಇಯರ್‌ಪ್ಲಗ್ ಹಾಕೇ ಹಾಕ್ತೀನಿ, ಹಾರ್ನ್ ಆರಾಮಾಗಿ ಕೇಳ್ಸತ್ತೆ, ನಮ್ಮ ಬಸ್ಸುಗಳ ಹಾರ್ನ್ ಕೇಳಿಸ್ದೇ ಇರೋಕೆ ಇಯರ್‌ಪ್ಲಗ್ ಸಾಲಲ್ಲ ಬಿಡಿ. ಕತ್ತಿಗೆ ಒಂದು ಬಫ್ (ಕೊಳವೆ ಥರದ ಬಟ್ಟೆ) ಸುತ್ಕೊಂಡ್ರೆ ಗಲ್ಲದ ಕೆಳಗಿನ ಸಂದು ಮುಚ್ಚತ್ತೆ, ಹೆಲ್ಮೆಟ್ ಪೀಕ್ (ಹಣೆ ಮುಂದೆ ಚಾಚಿರೋ ಟೋಪಿ ಅಂಚಿನಂಥದ್ದು) ಬಿಚ್ಚೋಕೆ ಬಂದ್ರೆ ಹೈವೇಗೆ ಬಿಚ್ಚಿ.

ತಗೊಳ್ಳೋದಾದ್ರೆ ಮೊದ್ಲು ಸ್ಪೇಸರ್, ಆಮೇಲೆ ಡಿಫ್ಲೆಕ್ಟರ್, ಉದ್ದ ಸ್ಕ್ರೀನು ಕೊನೇಗೆ, ಅದೂ ನಿಮ್ಮ ಹೈಟಿನವ್ರ ಬೈಕಲ್ಲಿ ಒಂದು ರೌಂಡ್ ಹೋಗಿ ನೋಡಿ. ನನ್ನ ಉದ್ದ ಸ್ಕ್ರೀನ್ ಇನ್ನೂ ಮಾರಿಲ್ಲ, ಡಿಸೆಂಬರ್‌ನಲ್ಲಿ ಬೆಳಗಿನ ಜಾವ ಚಿಕ್ಕಮಗಳೂರಿಗೆ ಹೊರಡೋವಾಗ ಎದೆಗೆ ಚಳಿ ಹೊಡೀಬಾರ್ದು ಅಂತ ಹಾಕ್ತೀನಿ, ನಾಲ್ಕು ಬೋಲ್ಟ್ ತಾನೆ, ಐದು ನಿಮಿಷದ ಕೆಲ್ಸ.