ಹಳೇ ಪೇಪರ್ ಕಟಿಂಗ್‌ಗಳಿಗೆ ಒಳ್ಳೆಯ ಬೈಂಡಿಂಗ್ ಅಂಗಡಿ, ಅವೆನ್ಯೂ ರೋಡ್

ನಮ್ಮ ತಾತ ಚಿತ್ರದುರ್ಗದಲ್ಲಿ ವಕೀಲರೊಬ್ಬರ ಗುಮಾಸ್ತರಾಗಿದ್ದರು. ಅದೇ ಊರಲ್ಲಿ ವಕೀಲಿಕೆ ಮಾಡಿ ಸಂವಿಧಾನ ಸಭೆಗೆ, ಆಮೇಲೆ 1952ರಲ್ಲಿ ಮೊದಲ ಲೋಕಸಭೆಗೆ ಹೋದ ಎಸ್. ನಿಜಲಿಂಗಪ್ಪನವರೆಂದರೆ ತಾತನಿಗೆ ಪ್ರಾಣ. ಅವರ ಸುದ್ದಿ ಬಂದಾಗಲೆಲ್ಲ ಕತ್ತರಿಸಿ ಲೆಡ್ಜರಿನಲ್ಲಿ ಅಂಟಿಸುತ್ತಿದ್ದರು. ಅದು ನನ್ನ ಕೈಗೆ ಬರುವಷ್ಟರಲ್ಲಿ ಹೊಲಿಗೆ ಬಿಚ್ಚಿತ್ತು. ಮುಟ್ಟಿದರೆ ಹಾಳೆ ಹಪ್ಪಳದ ಹಾಗೆ ಮುರಿಯುತ್ತಿತ್ತು.

ಮೂರು ಕಡೆ ಕೇಳಿದೆ. ಎಲ್ಲರೂ ಸ್ಪೈರಲ್ ಹಾಕಿಬಿಡೋಣ ಅಂದರು. ಅವೆನ್ಯೂ ರೋಡಿನ ಗಲ್ಲಿಯೊಂದರಲ್ಲಿ, ಮಹಡಿ ಮೇಲಿರುವ ಈ ಅಂಗಡಿಯ ಯಜಮಾನರು ಮಾತ್ರ ಕೈ ತೊಳೆದು ಬಂದು ಒಂದೊಂದೇ ಹಾಳೆ ತಿರುಗಿಸಿ ನೋಡಿದರು.

ಎರಡು ದಿನ ಬಿಟ್ಟು ಫೋನ್ ಬಂತು. "ಅಮ್ಮಾ, 62ರ ಹಾಳೆಗಳು ಹಿಂದುಮುಂದಾಗಿವೆ ಅನ್ನಿಸುತ್ತೆ. ಸೋತಿದ್ದು ಮೊದಲಾ, ಮುಖ್ಯಮಂತ್ರಿ ಆಗಿದ್ದು ಮೊದಲಾ?"

ಬೈಂಡಿಂಗ್ ಮಾಡುವವರು ಇಷ್ಟು ಗಮನ ಕೊಡುವುದು ದೊಡ್ಡದು ಅಲ್ವಾ? 1962ರ ವಿಧಾನಸಭೆ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಿದ್ದರು. ಎಸ್.ಆರ್. ಕಂಠಿಯವರು ಸುಮಾರು ಮೂರು ತಿಂಗಳು ಮುಖ್ಯಮಂತ್ರಿಯಾಗಿದ್ದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆ ಕಂಠಿಯವರು ಅವರಿಗೆ ಕುರ್ಚಿ ಬಿಟ್ಟುಕೊಟ್ಟರು. ತಾತ ಕಂಠಿಯವರ ಫೋಟೋನೂ ಅಂಟಿಸಿದ್ದಾರೆ. ಇದನ್ನೆಲ್ಲ ಹೇಳಿದೆ, ಅದೇ ಕ್ರಮದಲ್ಲಿ ಹೊಲಿದುಕೊಟ್ಟರು.

ಕೈಹೊಲಿಗೆ, ಮೈದಾ ಅಂಟು, ಬೆನ್ನಿಗೆ ಕ್ಯಾಲಿಕೋ ಬಟ್ಟೆ. ಹರಿದ ಕಡೆ ತೆಳು ಕಾಗದ ಅಂಟಿಸಿದ್ದಾರೆ, ಸೆಲೋ ಟೇಪ್ ಮುಟ್ಟಿಸಿಲ್ಲ. ಮೇಜಿನ ಮೇಲಿಟ್ಟರೆ ಪುಸ್ತಕ ಪೂರ್ತಿ ತೆರೆದುಕೊಳ್ಳುತ್ತೆ. 850 ರೂಪಾಯಿ ಜಾಸ್ತಿ ಅಲ್ಲ. ನಾಲ್ಕು ದಿನ ಅಂದಿದ್ದು ಹನ್ನೊಂದು ದಿನ ಆಯ್ತು.

ಒಂದು ನೋವು ಮಾತ್ರ ಉಳಿದಿದೆ. 1969ರ ನವೆಂಬರಿನಲ್ಲಿ, ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಹೊರಹಾಕಿದ ಸುದ್ದಿ ಇರುವ ಹಾಳೆ. ಅದರ ಅಂಚಿನಲ್ಲಿ ತಾತ ಪೆನ್ಸಿಲ್‌ನಲ್ಲಿ ಏನೋ ಬರೆದಿದ್ದರು. ಅಂಚು ಸಮ ಮಾಡುವಾಗ ಅರ್ಧ ಸಾಲು ಕತ್ತರಿಸಿ ಹೋಗಿದೆ. "ಇಷ್ಟು ದೊಡ್ಡ ಮನುಷ್ಯರು ಇಬ್ಬರೂ" ಅಂತ ಮಾತ್ರ ಉಳಿದಿದೆ. ಯಜಮಾನರು ತಪ್ಪು ಒಪ್ಪಿಕೊಂಡು 200 ರೂಪಾಯಿ ವಾಪಸ್ ಕೊಟ್ಟರು. ನನಗೆ ಆ ಸಾಲು ಬೇಕಿತ್ತು.

ನೀವು ಕೊಡುವುದಾದರೆ ಮೊದಲು ಪ್ರತಿ ಹಾಳೆಯ ಫೋಟೋ ತೆಗೆದಿಟ್ಟುಕೊಳ್ಳಿ. ಅಂಚು ಕತ್ತರಿಸಬೇಡಿ ಅಂತ ಚೀಟಿಯಲ್ಲೇ ಬರೆಸಿ. ತಾತನ ಇನ್ನೊಂದು ಲೆಡ್ಜರನ್ನೂ ಮುಂದಿನ ವಾರ ಅಲ್ಲಿಗೇ ಕೊಡುತ್ತಿದ್ದೇನೆ.