ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಮೂರು ಕೂಲೆಂಟ್‌ಗಳ ಪರೀಕ್ಷೆ

ನನ್ನದು ತೊಂಬತ್ತರ ದಶಕದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಭಾನುವಾರ ಬೆಳಗ್ಗೆ ನಂದಿ ಬೆಟ್ಟಕ್ಕೆ ಹೊರಟರೆ ಟೆಂಪರೇಚರ್ ಮುಳ್ಳು ಮಧ್ಯ ಬಿಟ್ಟು ಅಲ್ಲಾಡುವುದಿಲ್ಲ. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಕೊಂಡರೆ ಹತ್ತೇ ನಿಮಿಷ, ಕೆಂಪು ಗೆರೆ. ಎಂಜಿನ್ ತಣ್ಣಗಿಡಲು ರೇಡಿಯೇಟರಿಗೆ ತುಂಬುವ ದ್ರವವೇ ಕೂಲೆಂಟ್; ಅದಕ್ಕೆ ಒಬ್ಬೊಬ್ಬರು ಒಂದೊಂದು ಔಷಧಿ ಹೇಳಿದರು. ಮೂರನ್ನೂ ಹಾಕಿ ನೋಡಿದೆ. ಪ್ರತಿ ಸಲ ಪೆಟ್ರೋಲ್ ಬಂಕಿಗೆ ನುಗ್ಗಿಸಿ, ಬಾನೆಟ್ ಎತ್ತಿ, ಕೂಲೆಂಟಿನ ಹರಿವು ನಿಯಂತ್ರಿಸುವ ಥರ್ಮೋಸ್ಟಾಟಿನ ಹೌಸಿಂಗಿಗೆ ಟೆಂಪರೇಚರ್ ಗನ್ ಹಿಡಿದು ಬರೆದುಕೊಂಡೆ.

ಮೊದಲು ಮಾಮೂಲಿ ಹಸಿರು ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಓಡುವಾಗ 88 ಡಿಗ್ರಿ, ನಿಂತಾಗ 103. ಬೆಂಗಳೂರಿನ ಚಳಿ 1884ರಲ್ಲಿ ದಾಖಲಾದ 7.8 ಡಿಗ್ರಿಗಿಂತ ಕೆಳಗೆ ಇಳಿದದ್ದೇ ಇಲ್ಲ, ಹಾಗಾಗಿ ನೀರು ಹೆಪ್ಪುಗಟ್ಟುವ ಭಯ ನಮಗಿಲ್ಲ. ತುಕ್ಕು ತಡೆಯಲು ಕೂಲೆಂಟಿನಲ್ಲಿ ಬೇರೆ ರಾಸಾಯನಿಕ ಬೆರೆಸಿರುತ್ತಾರೆ; ಅದರ ಮುಖ್ಯ ದ್ರವವಾದ ಗ್ಲೈಕಾಲ್ ಇಲ್ಲಿ ಬೇಕಾಗುವುದು ಕುದಿಯುವ ಬಿಂದು ಏರಿಸಲು. ಆದರೆ ಶಾಖ ಹೊತ್ತೊಯ್ಯುವುದರಲ್ಲಿ ಅದು ನೀರಿನ ಸಮಕ್ಕೆ ಬರುವುದಿಲ್ಲ.

ಎರಡನೆಯದು ವೆಟರ್ ಅನ್ನುವ ಪುಟ್ಟ ಬಾಟಲಿ. ನೀರಿನ ಮೇಲ್ಮೈ ಸೆಳೆತ ಕಡಿಮೆ ಮಾಡುತ್ತದೆ. ಸಿಲಿಂಡರ್ ಹೆಡ್ಡಿನ ಸುಡುವ ಜಾಗಗಳಲ್ಲಿ ಆವಿಯ ಗುಳ್ಳೆ ಅಂಟಿಕೊಂಡು ಕೂರದೆ ನೀರು ಲೋಹಕ್ಕೆ ತಾಗುತ್ತದೆ. ನೀರು ಹೆಚ್ಚಿದ್ದಷ್ಟೂ ಇದರ ಆಟ ಜೋರು. ಅದಕ್ಕೇ ಕೂಲೆಂಟನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ಹಾಕಿದೆ. ಓಡುವಾಗ 85, ನಿಂತಾಗ 101. ಆ ಇಳಿಕೆಯಲ್ಲಿ ಹೆಚ್ಚಿಗೆ ಸೇರಿಸಿದ ನೀರಿನ ಪಾಲೆಷ್ಟು, ಬಾಟಲಿಯ ಪಾಲೆಷ್ಟು? ದುಡ್ಡು ಕೊಟ್ಟವನು ಬಾಟಲಿಯದೇ ಅಂದುಕೊಳ್ಳುತ್ತಾನೆ.

ಮೂರನೆಯದು ನೀರೇ ಇಲ್ಲದ ವಾಟರ್‌ಲೆಸ್ ಕೂಲೆಂಟ್. 180 ಡಿಗ್ರಿ ದಾಟಿದರೂ ಕುದಿಯುವುದಿಲ್ಲ, ನಿಜ. ಆದರೆ ಓಡುವಾಗ 93, ನಿಂತಾಗ 108! ಕುದಿಯದಿದ್ದ ಮಾತ್ರಕ್ಕೆ ಎಂಜಿನ್ ತಣ್ಣಗಿದೆ ಎಂದಲ್ಲ. ದಾರಿಯಲ್ಲಿ ಹೋಸ್ ಕಳಚಿ ಸೋರಿಹೋದರೆ ಬದಲಿಗೆ ನೀರು ತುಂಬುವ ಹಾಗೂ ಇಲ್ಲ. ಬೆಲೆ ಕೇಳಬೇಡಿ.

(ಸೋರಿಕೆ ನಿಲ್ಲಿಸುವ ಪುಡಿಯನ್ನು ಈ ಹೋಲಿಕೆಗೇ ಸೇರಿಸಿಲ್ಲ. ಅದು ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚಿಬಿಡಬಹುದು.)

ಕೊನೆಗೆ ಜೆ.ಸಿ. ರಸ್ತೆ ಸಂದಿಯ ರೇಡಿಯೇಟರ್ ಮೇಸ್ತ್ರಿ ಹತ್ತಿರ ಹೋದೆ. ತಣ್ಣಗಾಗುವವರೆಗೆ ಕಾಯಿಸಿ ಕ್ಯಾಪ್ ತೆಗೆದರು. ಟಾರ್ಚ್ ಬಿಟ್ಟು ನೋಡಿದರೆ ಕೊಳವೆಗಳ ಬಾಯಿಗೆ ಗೀಸರ್ ಕಾಯಿಲ್ ಮೇಲೆ ಕೂರುವಂಥದೇ ಬಿಳಿ ಪದರ. ಹಿಂದಿನ ಓನರ್ ವರ್ಷಗಟ್ಟಲೆ ಬೋರ್‌ವೆಲ್ ನೀರು ತುಂಬಿಸಿದ್ದ. ಉಗುರಲ್ಲಿ ಕೆರೆದು ನನ್ನ ಅಂಗೈಗೆ ಹಾಕಿ, "ಔಷಧಿ ಆಮೇಲೆ ಕುಡಿಸಿ ಸಾರ್, ಮೊದ್ಲು ಹೊಟ್ಟೆ ಕ್ಲೀನ್ ಮಾಡ್ಸಿ" ಅಂದರು. ಕ್ಯಾಪಿನ ರಬ್ಬರ್ ಬಿರುಕು ಬಿಟ್ಟಿತ್ತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮೂರಲ್ಲಿ ತೆರೆದ ಪಾತ್ರೆಯ ನೀರು 97ಕ್ಕೇ ಕುದಿಯುತ್ತದೆ. ಕ್ಯಾಪ್ ಒತ್ತಡ ಹಿಡಿದರೆ ಕುದಿಯುವ ಬಿಂದು ಏರುತ್ತದೆ; ಒತ್ತಡ ಹಿಡಿಯದ ಕ್ಯಾಪಿನಿಂದ ಇಲ್ಲಿ ಇನ್ನೂ ಹೆಚ್ಚು ತೊಂದರೆ. ಫ್ಯಾನ್ ಸುತ್ತಲಿನ ಕವರ್ ಅಂತೂ ಇರಲೇ ಇಲ್ಲ. ಫ್ಯಾನ್ ತಿರುಗುತ್ತಿತ್ತು, ಗಾಳಿ ರೇಡಿಯೇಟರ್ ಬಿಟ್ಟು ಪಕ್ಕದಿಂದ ಬರುತ್ತಿತ್ತು.

ಮೂರೂ ಸರಿಮಾಡಿಸಿ ಮತ್ತೆ ಅದೇ ಹಸಿರು ಅರ್ಧ, ನೀರು ಅರ್ಧ ತುಂಬಿಸಿದೆ. ಅದೇ ಸಂಜೆ, ಅದೇ ಟ್ರಾಫಿಕ್: 94. ಆಮೇಲೊಂದು ದಿನ ವೆಟರ್ ಮಿಶ್ರಣವನ್ನೂ ಇನ್ನೊಮ್ಮೆ ಹಾಕಿ ನೋಡಿದೆ, 93. ಗನ್ ಹಿಡಿದ ಕೈ ಚೂರು ಅಲ್ಲಾಡಿದರೂ ಅಷ್ಟು ವ್ಯತ್ಯಾಸ ಬರುತ್ತದೆ. ಉಳಿದ ಅರ್ಧ ಬಾಟಲಿ ಶೆಲ್ಫಿನ ಮೇಲಿದೆ.