ಕಾರಿನೊಳಗೆ ಇಂಜಿನ್ ಹಾಕಿಕೊಂಡು ಬರಬೇಡಿ

ನಿಮ್ಮ ಮನೆಯಲ್ಲಿ ಯಾರಾದರೂ "ಒಂದು ಇಂಜಿನ್ ತಾನೇ, ನಮ್ಮ ಕಾರಲ್ಲೇ ಹಾಕ್ಕೊಂಡು ಬರೋಣ" ಅಂದರೆ ದಯವಿಟ್ಟು ಅವರಿಗೆ ಇದನ್ನು ಓದಿಸಿ. ಮೂರು ವಾರದ ಹಿಂದೆ ನಾನೇ ಹಾಗೆ ಹೇಳಿದ್ದೆ. ಈಗ ನನ್ನ ಭಾವಮೈದುನನ ಬಲಗೈಯ ಎರಡು ಬೆರಳು ಮುರಿದಿವೆ. ಅವನು ಎಲೆಕ್ಟ್ರಿಷಿಯನ್. ಕೈಯೇ ಅವನ ಅನ್ನ.

ಅವನದು ಡೀಸೆಲ್ ಸ್ವಿಫ್ಟ್. ತೋಟದ ದಾರಿಯಲ್ಲಿ ಕಲ್ಲು ಬಡಿದು ಆಯಿಲ್ ಚೇಂಬರ್ (ಇಂಜಿನ್ ಅಡಿಯಲ್ಲಿ ಆಯಿಲ್ ತುಂಬಿರುವ ತೊಟ್ಟಿ) ಒಡೆದಿತ್ತು. ಗೊತ್ತಾಗದೆ ಹಾಗೇ ಓಡಿಸಿದ್ದಾನೆ, ಆಯಿಲ್ ಸೋರಿ ಇಂಜಿನ್ ಜಾಮ್ ಆಯಿತು. ಮೆಕ್ಯಾನಿಕ್ ಬಿಚ್ಚಿ ನೋಡಿ, ಕ್ರ್ಯಾಂಕ್ (ಪಿಸ್ಟನ್‌ಗಳ ಓಡಾಟದಿಂದ ತಿರುಗುವ ಮುಖ್ಯ ದಂಡ) ಹೋಗಿದೆ, ರಿಪೇರಿಗಿಂತ ಸೆಕೆಂಡ್ ಹ್ಯಾಂಡ್ ಇಂಜಿನ್ ಕೂರಿಸುವುದೇ ವಾಸಿ ಎಂದರು. ಅದು ಫಿಯೆಟ್‌ನವರ 1248 ಸಿಸಿ ಮಲ್ಟಿಜೆಟ್. ಸ್ವಿಫ್ಟ್, ಡಿಸೈರ್, ರಿಟ್ಜ್, ಟಾಟಾ ವಿಸ್ಟಾ ಎಲ್ಲದಕ್ಕೂ ಇದೇ ಇಂಜಿನ್ ಬರುತ್ತಿತ್ತು, ಹಾಗಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಸಿಗುತ್ತದೆ. ಇಬ್ಬರೂ ನನ್ನ ಹಳೇ ವ್ಯಾಗನ್ ಆರ್‌ನಲ್ಲಿ ಹೋದೆವು.

ವ್ಯಾಪಾರ ಕುದುರಿತು. ಚನ್ನರಾಯಪಟ್ಟಣಕ್ಕೆ ಗೂಡ್ಸ್ ಗಾಡಿ ಕೇಳಿದರೆ 5,500 ರೂಪಾಯಿ ಅಂದರು. ನನಗೆ ಜಾಸ್ತಿ ಅನ್ನಿಸಿತು. ಅಂಗಡಿಯ ಹುಡುಗ "ಏನೂ ಆಗಲ್ಲ ಅಣ್ಣ, ಸೀಟು ಮಡಚಿದ್ರೆ ಆರಾಮಾಗಿ ಕೂತ್ಕೊಳುತ್ತೆ, ದಿನಾ ಹೋಗ್ತಾವೆ" ಅಂದ. ಭಾವಮೈದುನನಿಗೆ ಮನಸ್ಸಿರಲಿಲ್ಲ. "ಭಾವ, ದುಡ್ಡು ನಾನು ಕೊಡ್ತೀನಿ, ಗಾಡಿನೇ ಮಾಡೋಣ" ಅಂದ. ನಾನೇ ಕೇಳಲಿಲ್ಲ.

ಅಲ್ಲೇ ತಕ್ಕಡಿಗೆ ಹಾಕಿದರು. ಗೇರ್ ಬಾಕ್ಸ್, ಟರ್ಬೊ, ಆಲ್ಟರ್ನೇಟರ್ ಎಲ್ಲ ಸೇರಿ 178 ಕೆಜಿ. ಮೂರು ಜನರ ತೂಕ ಅಷ್ಟೇ ಅಲ್ವಾ, ಹಿಂದೆ ಮೂರು ಜನ ಕೂರುತ್ತಾರಲ್ಲ ಎಂದು ಲೆಕ್ಕ ಹಾಕಿದೆ. ತಪ್ಪಾಗಿದ್ದು ಇಲ್ಲೇ. ಮೂರು ಜನಕ್ಕೆ ಮೂರು ಬೆಲ್ಟ್ ಇರುತ್ತದೆ. ಇಂಜಿನ್‌ಗೆ ಏನಿದೆ? ಒಂದು ಹಳೇ ಟೈರ್ ಮೇಲೆ ಕೂರಿಸಿ, ನೈಲಾನ್ ಹಗ್ಗ ಸುತ್ತಿ, ಡಿಕ್ಕಿಯ ಪಕ್ಕದಲ್ಲಿರುವ ಚಿಕ್ಕ ಕೊಕ್ಕೆಗಳಿಗೆ ಕಟ್ಟಿದೆವು. ಅವು ಪ್ಲಾಸ್ಟಿಕ್ ಕೊಕ್ಕೆಗಳು, ತರಕಾರಿ ಚೀಲ ನೇತುಹಾಕಲು ಕೊಟ್ಟಿರೋದು.

ಹೊರಡುವಾಗಲೇ ಕಾರು ಹಿಂದಕ್ಕೆ ಕುಸಿದಿತ್ತು. ನೆಲಮಂಗಲ ದಾಟುವ ಹೊತ್ತಿಗೆ ಸ್ಟೇರಿಂಗ್ ಹಗುರ ಆದಂತೆ ಅನ್ನಿಸತೊಡಗಿತು. ಭಾರ ಹಿಂದೆ ಬಿದ್ದರೆ ಮುಂದಿನ ಚಕ್ರ ರಸ್ತೆಯನ್ನು ಗಟ್ಟಿಯಾಗಿ ಒತ್ತುವುದಿಲ್ಲ. ತಿರುಗಿಸಿದಷ್ಟು ಕಾರು ತಿರುಗದು, ಬ್ರೇಕೂ ಎಂದಿನಂತೆ ಹಿಡಿಯದು. ಒಂದು ಹಂಪ್ ಮೇಲೆ ಹಿಂದಿನ ಟೈರ್ ಮಡ್‌ಗಾರ್ಡ್‌ಗೆ ಉಜ್ಜಿದ ಸದ್ದು ಕೇಳಿತು. ಒಳಗೆಲ್ಲ ಹಳೇ ಆಯಿಲ್ ವಾಸನೆ. ಪ್ರತಿ ಹಂಪ್‌ಗೂ ಇಂಜಿನ್ ಅರ್ಧ ಇಂಚು ಜರುಗುತ್ತಿತ್ತು. ಮುಂದೆ ಎಡಗಡೆ ಕೂತಿದ್ದ ಭಾವಮೈದುನ ಬಲಗೈ ಹಿಂದಕ್ಕೆ ಚಾಚಿ ಅದನ್ನು ಹಿಡಿದುಕೊಂಡ. "ಹಿಡ್ಕೊಂಡಿರ್ತೀನಿ ಭಾವ, ನಿಧಾನಕ್ಕೆ ಹೋಗಿ" ಅಂದ. ಆಗಲಾದರೂ ನಾನು ನಿಲ್ಲಿಸಬೇಕಿತ್ತು.

ಸೋಲೂರು ಹತ್ತಿರ ಒಂದು ಟ್ರ್ಯಾಕ್ಟರ್ ಪಕ್ಕದ ದಾರಿಯಿಂದ ಇದ್ದಕ್ಕಿದ್ದಂತೆ ಹೆದ್ದಾರಿಗೆ ಬಂತು. ನನ್ನ ವೇಗ 55 ಇದ್ದಿರಬೇಕು. ಬ್ರೇಕ್ ಒತ್ತಿದೆ. ಕಾರು ನಿಂತಿತು, ಇಂಜಿನ್ ನಿಲ್ಲಲಿಲ್ಲ. ಕೊಕ್ಕೆಗಳು ಪಟಪಟ ಮುರಿದ ಸದ್ದು ಮೊದಲು ಬಂತು, ಆಮೇಲೆ ನನ್ನ ಸೀಟಿಗೇ ಯಾರೋ ಹಿಂದಿನಿಂದ ಗುದ್ದಿದ ಹಾಗಾಯಿತು. ಅವನು ಕೂಗಲೂ ಇಲ್ಲ. ತಿರುಗಿ ನೋಡಿದರೆ ಅವನ ಕೈ ಸೀಟಿನ ಚೌಕಟ್ಟಿಗೂ ಇಂಜಿನ್‌ಗೂ ನಡುವೆ ಸಿಕ್ಕಿಕೊಂಡಿತ್ತು. ಮುಖ ಬೆಳ್ಳಗಾಗಿತ್ತು.

ಸೀಟು ಮುಂದಕ್ಕೆ ಸರಿಸೋಣ ಎಂದರೆ ಕೆಳಗಿನ ಹಳಿಯೇ ಬಗ್ಗಿ ಸೀಟು ಕಚ್ಚಿಕೊಂಡಿತ್ತು. ಟ್ರ್ಯಾಕ್ಟರ್‌ನವರೇ ಓಡಿ ಬಂದರು. ಡಿಕ್ಕಿ ತೆಗೆದು, ಇಂಜಿನ್‌ಗೆ ಹಗ್ಗ ಬಿಗಿದು, ನಾಲ್ಕು ಜನ ಹಿಂದಕ್ಕೆ ಎಳೆದ ಮೇಲೆ ಕೈ ಬಿಡುಗಡೆ ಆಯಿತು. ಬೆರಳು ಎಷ್ಟು ಊದಿತ್ತೆಂದರೆ ಆಸ್ಪತ್ರೆಯಲ್ಲಿ ಅವನ ಬೆಳ್ಳಿ ಉಂಗುರವನ್ನು ಕತ್ತರಿಸಿ ತೆಗೆದರು. ತೋರುಬೆರಳು, ನಡುಬೆರಳು ಎರಡಕ್ಕೂ ಒಳಗೆ ತಂತಿ ಹಾಕಿದ್ದಾರೆ.

ಆ ರಾತ್ರಿ ಕೂತು ಲೆಕ್ಕ ಮಾಡಿದೆ. ಜೋರಾಗಿ ಬ್ರೇಕ್ ಹಾಕಿದಾಗ ಒಳಗಿರುವ ವಸ್ತು ತನ್ನ ತೂಕದ ಮುಕ್ಕಾಲು ಪಾಲಿಗಿಂತ ಜಾಸ್ತಿ ಬಲದಿಂದ ಮುಂದಕ್ಕೆ ತಳ್ಳುತ್ತದೆ. 178 ಕೆಜಿ ಇಂಜಿನ್ ಅಂದರೆ ಸುಮಾರು 140 ಕೆಜಿ ಭಾರದಷ್ಟು ಒತ್ತಡ, ಹೆಚ್ಚುಕಮ್ಮಿ ಮೂರು ಸಿಮೆಂಟ್ ಮೂಟೆ. ಇದನ್ನು ಒಂದು ಕೈ ತಡೆಯುತ್ತದೆಯೇ? ಇದು ಬರೀ ಬ್ರೇಕ್‌ನ ಮಾತು. ನಾನು ಆ ಟ್ರ್ಯಾಕ್ಟರ್‌ಗೆ ಗುದ್ದಿದ್ದರೆ ಈ ಒತ್ತಡ ಹತ್ತಾರು ಪಟ್ಟು ಏರುತ್ತಿತ್ತು, ಟನ್ ಲೆಕ್ಕಕ್ಕೆ ಹೋಗುತ್ತಿತ್ತು. ಆಗ ಸೀಟ್ ಬೆಲ್ಟ್ ನಮ್ಮನ್ನು ಹಿಡಿದಿಟ್ಟರೂ ಇಂಜಿನ್ ಹಿಂದಿನಿಂದ ಬಂದು ಸೀಟನ್ನೂ ನಮ್ಮನ್ನೂ ಅಪ್ಪಚ್ಚಿ ಮಾಡುತ್ತಿತ್ತು. ಈಗಲೂ ಅದನ್ನು ನೆನೆದರೆ ನಿದ್ದೆ ಬರುವುದಿಲ್ಲ.

ಇನ್ಶೂರೆನ್ಸ್ ಇದೆಯಲ್ಲ ಎಂದುಕೊಂಡಿದ್ದೆ. ಸೀಟು, ಹಳಿ, ಒಳಗಿನ ಪ್ಯಾನೆಲ್ ಎಲ್ಲ ಹಾಳಾಗಿತ್ತು. ಸರ್ವೇಯರ್ ಬಂದು ಏನು ಸಾಗಿಸುತ್ತಿದ್ದಿರಿ ಎಂದು ಕೇಳಿದರು. ಸತ್ಯವನ್ನೇ ಹೇಳಿದೆ. ಕ್ಲೇಮ್ ತಿರಸ್ಕಾರವಾಯಿತು. ನಿಮ್ಮ ಪಾಲಿಸಿ ತೆಗೆದು ನೋಡಿ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಳಕೆಯ ಮಿತಿ ಅಂತ ಒಂದು ಸಾಲು ಇರುತ್ತದೆ. ಸ್ವಂತ ಲಗೇಜು, ಸ್ಯಾಂಪಲ್ಲು ಬಿಟ್ಟು ಸರಕು ಸಾಗಿಸಿದರೆ ವಿಮೆ ಅನ್ವಯಿಸುವುದಿಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಇಷ್ಟು ವರ್ಷ ಪ್ರೀಮಿಯಂ ಕಟ್ಟಿದ್ದೇನೆ, ಒಮ್ಮೆಯೂ ಅದನ್ನು ಓದಿರಲಿಲ್ಲ.

ಇಂಜಿನ್ ಕೂಡ ಉಳಿಯಲಿಲ್ಲ. ಟೈರ್ ಮೇಲೆ ಕೂರಿಸಿದಾಗ ಪೂರ್ತಿ ಭಾರ ಆಯಿಲ್ ಚೇಂಬರ್ ಮೇಲೆ ಬಿದ್ದಿತ್ತು. ಅದು ತೆಳು ತಗಡು, ಒಳಕ್ಕೆ ತಗ್ಗಾಗಿದೆ. ಮೆಕ್ಯಾನಿಕ್ ಬಿಚ್ಚಿ ತೋರಿಸಿದರು, ತಗ್ಗಾದ ತಗಡು ಆಯಿಲ್ ಎಳೆಯುವ ಜಾಲರಿಗೆ ಹೋಗಿ ಅಂಟಿಕೊಂಡಿತ್ತು. ಹಾಗೇ ಕೂರಿಸಿ ಸ್ಟಾರ್ಟ್ ಮಾಡಿದ್ದರೆ ಆಯಿಲ್ ಮೇಲೇರದೆ ಇದೂ ಜಾಮ್ ಆಗುತ್ತಿತ್ತು. ಎರಡು ಇಂಜೆಕ್ಟರ್ ಪೈಪ್ ಬಗ್ಗಿವೆ, ಒಂದು ಸೆನ್ಸರ್ ಮುರಿದಿದೆ. ಆಸ್ಪತ್ರೆ, ಕಾರು, ಇಂಜಿನ್ ಸೇರಿ ಇಲ್ಲಿಯವರೆಗೆ 74,000 ಖರ್ಚಾಗಿದೆ. ಉಳಿಸಲು ಹೊರಟಿದ್ದು 5,500.

ಸೋಲೂರಿನಿಂದ ಮುಂದಕ್ಕೆ ಇಂಜಿನ್ ಹೋಗಿದ್ದು ಟಾಟಾ ಏಸ್‌ನಲ್ಲಿ. ಆ ಡ್ರೈವರ್ ಕೆಲಸ ನೋಡಿ ನಾಚಿಕೆಯಾಯಿತು. ಇಂಜಿನ್ ಎತ್ತುವ ಮೊದಲೇ ತೂತುಗಳಿಗೆಲ್ಲ ಬಟ್ಟೆ ತುರುಕಿದರು. ಅಡಿಯಲ್ಲಿ ಎರಡು ಮರದ ದಿಮ್ಮಿ ಇಟ್ಟು, ಭಾರ ಚೇಂಬರ್ ಮೇಲೆ ಬೀಳದೆ ಮೌಂಟಿಂಗ್ (ಇಂಜಿನ್ ಅನ್ನು ಗಾಡಿಗೆ ಬಿಗಿಯುವ ಜಾಗ) ಹತ್ತಿರ ಬೀಳುವ ಹಾಗೆ ಕೂರಿಸಿದರು. ಕ್ಯಾಬಿನ್ ಗೋಡೆಗೆ ಒತ್ತಿಸಿ, ನಾಲ್ಕೂ ಮೂಲೆಯ ಕಬ್ಬಿಣದ ಕೊಂಡಿಗೆ ಬೆಲ್ಟ್ ಹಾಕಿ, ಹಿಡಿ ಆಡಿಸಿದಷ್ಟೂ ಬಿಗಿಯಾಗುವ ರ‍್ಯಾಚೆಟ್‌ನಲ್ಲಿ ಬಿಗಿದರು. ಕಾಲಲ್ಲಿ ಒದ್ದು ನೋಡಿದರು. ಅಲುಗಲಿಲ್ಲ. "ನೈಲಾನ್ ಹಗ್ಗ ಎಳೆದಷ್ಟು ಉದ್ದ ಆಗುತ್ತೆ ಅಣ್ಣ, ಇದಕ್ಕೆಲ್ಲ ಆಗಲ್ಲ" ಅಂದರು. ಇಂಜಿನ್‌ಗೂ ಡ್ರೈವರ್‌ಗೂ ನಡುವೆ ಒಂದು ಕಬ್ಬಿಣದ ಗೋಡೆ ಇತ್ತು. ಕಾರಿನಲ್ಲಿ ಇಲ್ಲದ್ದು ಅದೇ.

ನೀವೂ ಹಳೇ ಇಂಜಿನ್ ತರಲು ಹೊರಟಿದ್ದರೆ, ಬೆಲೆ ಮಾತಾಡುವಾಗಲೇ ಗೂಡ್ಸ್ ಗಾಡಿಯ ಬಾಡಿಗೆಯನ್ನೂ ಸೇರಿಸಿಕೊಳ್ಳಿ. ಇಂಜಿನ್ ನಂಬರ್ ಬರೆದ ಬಿಲ್ ಕೇಳಿ ಪಡೆಯಿರಿ, ಆರ್‌ಸಿಯಲ್ಲಿ ನಂಬರ್ ಬದಲಾಯಿಸಲು ಆರ್‌ಟಿಒಗೆ ಅದು ಬೇಕು. ನೀವು ಬೇರೆ ಗಾಡಿಯಲ್ಲಿ ಹಿಂದೆ ಬನ್ನಿ. ಕೈಯಿಂದ ಹಿಡಿದುಕೊಳ್ಳುತ್ತೇನೆ ಎಂದು ಯಾರು ಹೇಳಿದರೂ ಒಪ್ಪಬೇಡಿ.

ಮುಂದಿನ ಸೋಮವಾರ ಅವನ ಬೆರಳಿನ ತಂತಿ ತೆಗೆಯುತ್ತಾರೆ. ಮೊನ್ನೆ ಎಡಗೈಯಲ್ಲಿ ಟೆಸ್ಟರ್ ಹಿಡಿದು ಸ್ವಿಚ್ ಬೋರ್ಡ್ ತಿರುಪು ಬಿಚ್ಚಲು ನೋಡುತ್ತಿದ್ದ.